ವಿಕಾಸವಾದ ಒಪ್ಪಿದರೆ ದೇವರನ್ನು ಬಿಡಬೇಕಾ?

ಚಾರ್ಲ್ಸ್ ಡಾರ್ವಿನ್ ತನ್ನ ಸಿದ್ಧಾಂತವನ್ನು ಅಚ್ಚಿಗೆ ಕೊಡುವ ಮೊದಲು ಕೆಲವೇ ಜನರ ಹತ್ತಿರ ಹೇಳಿಕೊಂಡಿದ್ದ. ಅವರಲ್ಲಿ ಒಬ್ಬ ಅಪ್ಪಟ ದೈವಭಕ್ತ. ಹೆಸರು ಏಸಾ ಗ್ರೇ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ನಿಸರ್ಗದ ಆಯ್ಕೆ ಹೇಗೆ ನಡೆಯುತ್ತದೆ ಅಂತ ಡಾರ್ವಿನ್ 1857ರ ಸೆಪ್ಟೆಂಬರಿನಲ್ಲಿ ಅವನಿಗೆ ಪತ್ರ ಬರೆದು ವಿವರಿಸಿದ. ಮರುವರ್ಷ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಈ ವಿಚಾರ ಮೊದಲ ಸಲ ಹೊರಗೆ ಬಂತು. ಅಂದು, ಇದೇ ವಿಚಾರವನ್ನು ತಾನಾಗಿಯೇ ಕಂಡುಕೊಂಡಿದ್ದ ಆಲ್ಫ್ರೆಡ್ ವ್ಯಾಲೇಸ್ ಎಂಬ ನಿಸರ್ಗ ವಿಜ್ಞಾನಿ ಬರೆದ ಲೇಖನದ ಜೊತೆ ಓದಿದ್ದರಲ್ಲಿ ಗ್ರೇಗೆ ಬರೆದ ಆ ಪತ್ರದ ಭಾಗವೂ ಇತ್ತು. 1859ರ ನವೆಂಬರಿನಲ್ಲಿ ಡಾರ್ವಿನ್‌ನ ‘ಜೀವಜಾತಿಗಳ ಉಗಮ’ ಪುಸ್ತಕ ಬಂದಾಗ ಅಮೆರಿಕದಲ್ಲಿ ಅದರ ಪರ ಗಟ್ಟಿಯಾಗಿ ನಿಂತವನೂ ಇದೇ ಗ್ರೇ. ಅದೇ ಹಾರ್ವರ್ಡಿನಲ್ಲಿದ್ದ ಲೂಯಿ ಅಗಾಸಿ ಎಂಬ ದೊಡ್ಡ ವಿಜ್ಞಾನಿ, ಪ್ರತಿ ಜೀವಜಾತಿಯನ್ನೂ ದೇವರು ಬೇರೆ ಬೇರೆಯಾಗಿ ಸೃಷ್ಟಿಸಿದ ಅಂತ ವಾದಿಸುತ್ತಿದ್ದ. ಅವನನ್ನು ಎದುರು ಹಾಕಿಕೊಂಡವನು ಒಬ್ಬ ನಾಸ್ತಿಕನಲ್ಲ, ನಂಬಿಕೆಯುಳ್ಳ ಕ್ರೈಸ್ತ.

ವಿಕಾಸವಾದ ಮತ್ತು ದೇವರ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಪಕ್ಷ ಕಾಣುತ್ತವೆ. ಒಂದು ಕಡೆಯವರು ‘ಡಾರ್ವಿನ್ ಸರಿ, ಹಾಗಾಗಿ ದೇವರು ಸುಳ್ಳು’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ದೇವರು ನಿಜ, ಹಾಗಾಗಿ ಡಾರ್ವಿನ್ ಸುಳ್ಳು’ ಅನ್ನುತ್ತಾರೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನನಗೆ ಇದು ಸರಿ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಆದರೆ ಸುಮ್ನೆ ಪುಕ್ಕಟೆ ಅಲ್ಲ. ದೇವರ ಬಗ್ಗೆ ನಾವು ಇಟ್ಟುಕೊಂಡ ಕೆಲವು ಕಲ್ಪನೆಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಯಾವುದನ್ನು ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದರಲ್ಲೇ ನಿಜವಾದ ಕಷ್ಟ ಇರುವುದು. ಡಾರ್ವಿನ್ ಮತ್ತು ಗ್ರೇ ವರ್ಷಗಟ್ಟಲೆ ಪತ್ರಗಳಲ್ಲಿ ಚರ್ಚಿಸಿದ್ದೂ ಇದನ್ನೇ.

ವಿಕಾಸವಾದ ಹೇಳುವುದೇನು?

ಒಂದೇ ಜಾತಿಯ ಜೀವಿಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಅದರಲ್ಲಿ ಎಷ್ಟೋ ತಂದೆ ತಾಯಿಯಿಂದ ಮರಿಗಳಿಗೆ ಬರುತ್ತದೆ. ಹುಟ್ಟಿದ್ದೆಲ್ಲ ಬದುಕಿ ಉಳಿಯುವುದಿಲ್ಲ. ಇರುವ ಜಾಗಕ್ಕೆ ಹೊಂದುವ ಗುಣ ಇದ್ದವು ಸ್ವಲ್ಪ ಜಾಸ್ತಿ ಉಳಿಯುತ್ತವೆ, ಜಾಸ್ತಿ ಮರಿ ಹಾಕುತ್ತವೆ. ಹಾಗಾಗಿ ಮುಂದಿನ ಪೀಳಿಗೆಯಲ್ಲಿ ಆ ಗುಣ ಹೆಚ್ಚಾಗುತ್ತದೆ. ಲಕ್ಷ, ಕೋಟಿ ವರ್ಷ ಇದೇ ನಡೆದರೆ ಒಂದು ಜಾತಿ ಎರಡಾಗಿ ಒಡೆಯುತ್ತದೆ, ಹೊಸ ರೂಪಗಳು ಬರುತ್ತವೆ. ಇಷ್ಟೇ.

‘ಮಂಗನಿಂದ ಮಾನವ’ ಅನ್ನುವುದು ಈ ಸಿದ್ಧಾಂತದ ಮಾತಲ್ಲ. ಇಂದು ಮರದ ಮೇಲೆ ಕೂತಿರುವ ಕೋತಿ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಚಿಂಪಾಂಜಿ ಹತ್ತಿರದ ದಾಯಾದಿ. ನಮಗೂ ಚಿಂಪಾಂಜಿಗೂ ಸೇರಿದ ಪೂರ್ವಜರು ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಇದ್ದರು. ಅಲ್ಲಿಂದ ಎರಡು ಕವಲು ಆಯಿತು. ಇಂದಿನ ಯಾವ ಕೋತಿಯೂ ಮನುಷ್ಯನಾಗುತ್ತಿಲ್ಲ ಯಾಕೆ ಅಂತ ಕೇಳುವವರು ಈ ಕವಲನ್ನು ಮರೆತಿರುತ್ತಾರೆ.

ಇನ್ನು ಈ ಸಿದ್ಧಾಂತ ಹೇಳದೇ ಇರುವುದೂ ಇದೆ. ಜಗತ್ತು ಯಾಕಾದರೂ ಇದೆ, ನಿಸರ್ಗದ ನಿಯಮಗಳು ಎಲ್ಲಿಂದ ಬಂದವು, ಅದರ ಹಿಂದೆ ಯಾರಾದರೂ ಇದ್ದಾರಾ ಅನ್ನುವ ಪ್ರಶ್ನೆಗಳಿಗೆ ಅದು ಕೈ ಹಾಕುವುದೇ ಇಲ್ಲ.

ನೇರವಾಗಿ ಡಿಕ್ಕಿ ಹೊಡೆಯುವುದು ಎಲ್ಲಿ

ಬೈಬಲ್ಲಿನ ಮೊದಲ ಪುಸ್ತಕವನ್ನು ಅಕ್ಷರಶಃ ಓದಿದರೆ ಆರು ದಿನಗಳಲ್ಲಿ ಸೃಷ್ಟಿ ಮುಗಿಯುತ್ತದೆ. 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅಲ್ಲಿನ ವಂಶಾವಳಿಗಳನ್ನೆಲ್ಲ ಲೆಕ್ಕ ಹಾಕಿ, ಜಗತ್ತು ಹುಟ್ಟಿದ್ದು ಕ್ರಿಸ್ತಪೂರ್ವ 4004ರಲ್ಲಿ ಅಂದ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಇಲ್ಲಿ ರಾಜಿ ಇಲ್ಲ. ಪ್ರತಿ ಜೀವಜಾತಿಯೂ ಈಗಿರುವ ಹಾಗೇ ಒಂದೇ ಸಲ ಸೃಷ್ಟಿಯಾಯಿತು ಅಂತ ನಂಬುವವರಿಗೆ ವಿಕಾಸವಾದ ಒಗ್ಗುವುದಿಲ್ಲ, ಒಗ್ಗಿಸಲೂ ಆಗದು.

ಇದಕ್ಕಿಂತ ನವಿರಾದ ಇನ್ನೊಂದು ಡಿಕ್ಕಿ ಇದೆ. 1802ರಲ್ಲಿ ವಿಲಿಯಂ ಪೇಲಿ ಎಂಬ ಪಾದ್ರಿ ಒಂದು ವಾದ ಹೂಡಿದ್ದ. ಬಯಲಿನಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಅನ್ನುತ್ತೇವೆ. ಕಣ್ಣು ಗಡಿಯಾರಕ್ಕಿಂತ ನಾಜೂಕು, ಹಾಗಾಗಿ ಕಣ್ಣಿಗೂ ಒಬ್ಬ ಕರ್ತೃ ಇರಲೇಬೇಕು. ಪಾದ್ರಿಯಾಗಬೇಕು ಅಂತ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ತರುಣ ಡಾರ್ವಿನ್‌ಗೆ ಪೇಲಿಯ ಬರಹ ತುಂಬಾ ಹಿಡಿಸಿತ್ತು. ಮುಂದೆ ಅದನ್ನು ಮುರಿದವನೂ ಅವನೇ. ಕರ್ತೃ ಇಲ್ಲದೆಯೂ ಸಣ್ಣ ಸಣ್ಣ ಬದಲಾವಣೆಗಳು ಕೂಡಿ ಕಣ್ಣಿನಂಥ ಅಂಗ ಆಗಬಹುದು ಅಂತ ತೋರಿಸಿದ. ಇಲ್ಲಿ ಬಿದ್ದುಹೋಗಿದ್ದು ದೇವರಿಗೆ ಕೊಡುತ್ತಿದ್ದ ಒಂದು ಪುರಾವೆ. ಪುರಾವೆ ಬಿದ್ದ ಮಾತ್ರಕ್ಕೆ ದೇವರೂ ಬಿದ್ದ ಅಂತ ಅಲ್ಲ. ಆದರೆ ‘ನೋಡಿ, ಕಣ್ಣು ಎಷ್ಟು ಚೆನ್ನಾಗಿದೆ, ದೇವರಿಲ್ಲದೆ ಆಗುತ್ತಾ?’ ಅನ್ನುವ ಮಾತನ್ನು ವಿಕಾಸ ಒಪ್ಪಿದವರು ಬಿಡಲೇಬೇಕು.

ಮಳೆಯನ್ನೇ ನೋಡಿ. ಮುಂಗಾರು ಯಾಕೆ ಬರುತ್ತದೆ, ಅರಬ್ಬೀ ಸಮುದ್ರದ ಗಾಳಿ ಪಶ್ಚಿಮ ಘಟ್ಟಕ್ಕೆ ಹೇಗೆ ಬಡಿಯುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು. ಮೋಡದ ಹಿಂದೆ ಇಂದ್ರನನ್ನು ಹುಡುಕುವ ಅಗತ್ಯ ಹವಾಮಾನ ಇಲಾಖೆಗೆ ಇಲ್ಲ. ಹಾಗಂತ ಮೊದಲ ಮಳೆ ಬಿದ್ದಾಗ ಹೊಲದಲ್ಲಿ ನಿಂತು ಕೈಮುಗಿಯುವ ರೈತ ಮುನ್ಸೂಚನೆಯನ್ನು ನಂಬುವುದಿಲ್ಲ ಅಂತಲೂ ಅಲ್ಲ. ಅವನು ಎರಡನ್ನೂ ಮಾಡುತ್ತಾನೆ. ಗಾಳಿಯ ವಿವರಣೆ ಅವನ ಕೃತಜ್ಞತೆಯನ್ನು ಸುಳ್ಳು ಮಾಡುವುದಿಲ್ಲ.

1859ರಲ್ಲೇ ಇದೇ ದಾರಿ ಹಿಡಿದವರಿದ್ದರು. ಚಾರ್ಲ್ಸ್ ಕಿಂಗ್ಸ್ಲಿ ಎಂಬ ಪಾದ್ರಿ ಡಾರ್ವಿನ್‌ಗೆ ಬರೆದ ಪತ್ರದ ಸಾರ ಇದು: ತನ್ನಷ್ಟಕ್ಕೆ ತಾನೇ ಬೇರೆ ರೂಪಗಳಾಗಿ ಬೆಳೆಯಬಲ್ಲ ಕೆಲವು ಮೂಲ ರೂಪಗಳನ್ನು ದೇವರು ಸೃಷ್ಟಿಸಿದ ಅನ್ನುವುದೂ ಅಷ್ಟೇ ಉನ್ನತವಾದ ಕಲ್ಪನೆ. ಡಾರ್ವಿನ್ ಆ ಮಾತನ್ನು ಎರಡನೇ ಆವೃತ್ತಿಯಲ್ಲಿ ಸೇರಿಸಿಕೊಂಡ. ಕ್ಯಾಥೊಲಿಕ್ ಚರ್ಚ್ ನಿಧಾನಕ್ಕೆ ಬಂತು. 1950ರಲ್ಲಿ ಪೋಪ್ 12ನೇ ಪಯಸ್ ಮನುಷ್ಯನ ದೇಹದ ಹುಟ್ಟಿನ ಬಗ್ಗೆ ಈ ದಿಕ್ಕಿನಲ್ಲಿ ಸಂಶೋಧನೆ, ಚರ್ಚೆ ನಡೆಯಲಿ ಅಂದರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಅಂತ ಗೆರೆ ಎಳೆದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಕಾಸವಾದ ಬರೀ ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಅಂದರು.

ನ್ಯಾಯಾಲಯದಲ್ಲಿ ಒಂದು ಕ್ರೋಮೋಸೋಮ್

2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ ಒಂದು ನಿರ್ಧಾರ ಮಾಡಿತು. ಜೀವಶಾಸ್ತ್ರದ ತರಗತಿಯಲ್ಲಿ ವಿಕಾಸದ ಪಾಠಕ್ಕೆ ಮೊದಲು ಒಂದು ಹೇಳಿಕೆ ಓದಬೇಕು, ‘ಬುದ್ಧಿವಂತ ವಿನ್ಯಾಸ’ (ಜೀವಿಗಳನ್ನು ಒಬ್ಬ ಬುದ್ಧಿವಂತ ಕರ್ತೃ ರೂಪಿಸಿದ ಅನ್ನುವ ವಾದ) ಎಂಬ ಇನ್ನೊಂದು ವಿವರಣೆಯೂ ಇದೆ ಅಂತ ಮಕ್ಕಳಿಗೆ ಹೇಳಬೇಕು. ವಿಜ್ಞಾನದ ಟೀಚರುಗಳು ಅದನ್ನು ಓದಲು ಒಪ್ಪಲಿಲ್ಲ. 11 ಪಾಲಕರು ಕೋರ್ಟಿಗೆ ಹೋದರು. 2005ರಲ್ಲಿ ವಿಚಾರಣೆ ನಡೆಯಿತು.

ಪಾಲಕರ ಪರ ಮೊದಲು ಸಾಕ್ಷಿ ಹೇಳಿದವರು ಬ್ರೌನ್ ವಿಶ್ವವಿದ್ಯಾಲಯದ ಕೆನೆತ್ ಮಿಲ್ಲರ್. ಜೀವಕೋಶ ವಿಜ್ಞಾನಿ, ಜೊತೆಗೆ ಕ್ಯಾಥೊಲಿಕ್. ಅವರು ಕೋರ್ಟಿನ ಮುಂದಿಟ್ಟ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ವಿಕಾಸವಾದ ಬರೀ ನಂಬಿಕೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ಮನುಷ್ಯನ ಜೀವಕೋಶದಲ್ಲಿ 23 ಜೋಡಿ ಕ್ರೋಮೋಸೋಮ್‌ಗಳು, ಅಂದರೆ ಶಾಲೆಯಲ್ಲಿ ಓದಿದ ವರ್ಣತಂತುಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೋಡಿ. ನಾವು ದಾಯಾದಿಗಳೇ ಆಗಿದ್ದರೆ ಒಂದು ಜೋಡಿ ಎಲ್ಲಿ ಹೋಯಿತು? ಅಷ್ಟು ವಂಶವಾಹಿಗಳು ಪೂರ್ತಿ ಕಳೆದುಹೋದರೆ ಜೀವ ಉಳಿಯುವುದಿಲ್ಲ. ಹಾಗಾಗಿ ಉಳಿಯುವುದು ಒಂದೇ ದಾರಿ: ನಮ್ಮ ಪೂರ್ವಜರಲ್ಲಿ ಎರಡು ಕ್ರೋಮೋಸೋಮ್‌ಗಳು ಒಂದಕ್ಕೊಂದು ಅಂಟಿ ಒಂದಾಗಿರಬೇಕು. ಸಿದ್ಧಾಂತ ಸರಿಯಾಗಿದ್ದರೆ ಅಂಟಿದ ಗುರುತು ಸಿಗಲೇಬೇಕು. ಸಿಗದಿದ್ದರೆ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು.

ಪ್ರತಿ ಕ್ರೋಮೋಸೋಮಿನ ಎರಡು ತುದಿಯಲ್ಲೂ ಟೆಲೊಮಿಯರ್ ಎಂಬ ಕಟ್ಟು ಇರುತ್ತದೆ. ಒಂದೇ ಬಗೆಯ ಆರು ಡಿಎನ್‌ಎ ಅಕ್ಷರಗಳು ಮತ್ತೆ ಮತ್ತೆ ಬರುವ ಸಾಲು ಅದು. ಅದರ ಜಾಗ ತುದಿ. ಮನುಷ್ಯನ 2ನೇ ಕ್ರೋಮೋಸೋಮಿನಲ್ಲಿ ಆ ಸಾಲು ನಡುವೆಯೂ ಇದೆ, ಅದೂ ಎದುರುಬದುರಾಗಿ, ಎರಡು ತುದಿಗಳು ಬಂದು ಕೂಡಿದ ಹಾಗೆ. ಇಷ್ಟೇ ಅಲ್ಲ. ಕ್ರೋಮೋಸೋಮಿಗೆ ಸಾಮಾನ್ಯವಾಗಿ ಒಂದೇ ಸೆಂಟ್ರೊಮಿಯರ್ ಇರುತ್ತದೆ. ಕೋಶ ಒಡೆಯುವಾಗ ಹಿಡಿದು ಎಳೆಯುವ ಜಾಗ ಅದು. 2ನೇ ಕ್ರೋಮೋಸೋಮಿನಲ್ಲಿ ಕೆಲಸ ಮಾಡುವ ಒಂದು ಸೆಂಟ್ರೊಮಿಯರ್ ಜೊತೆಗೆ, ಕೆಲಸ ನಿಲ್ಲಿಸಿದ ಇನ್ನೊಂದರ ಅವಶೇಷವೂ ಇದೆ. ಎರಡು ಭಾಗಗಳನ್ನು ಚಿಂಪಾಂಜಿಯ ಎರಡು ಕ್ರೋಮೋಸೋಮ್‌ಗಳ ಪಕ್ಕ ಇಟ್ಟರೆ ಹೊಂದಿಕೆಯಾಗುತ್ತವೆ. ನಿಮ್ಮ, ನನ್ನ ದೇಹದ ಕೋಶಗಳಲ್ಲಿ ಈ ಗುರುತು ಈಗಲೂ ಇದೆ.

2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪು ಕೊಟ್ಟರು. ‘ಬುದ್ಧಿವಂತ ವಿನ್ಯಾಸ’ ವಿಜ್ಞಾನ ಅಲ್ಲ, ಅದನ್ನು ಪಾಠದಲ್ಲಿ ತರುವಂತಿಲ್ಲ ಅಂದರು. ನಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾತನ್ನೂ ಅವರು ಬರೆದರು: ವಿಕಾಸವಾದ ದೇವರ ನಂಬಿಕೆಗೆ ವಿರುದ್ಧ ಅನ್ನುವ ಗ್ರಹಿಕೆಯೇ ತಪ್ಪು.

ಡಾರ್ವಿನ್‌ನನ್ನು ಕಾಡಿದ ಕಣಜ

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸಲೀಸಾಗಿ ಮುಗಿದ ಹಾಗೆ ಕಾಣುತ್ತದೆ. ಆದರೆ ಮುಗಿದಿಲ್ಲ. ದೇವರು ನಿಯಮ ಮಾಡಿಟ್ಟ, ನಿಯಮ ಜೀವಿಗಳನ್ನು ಮಾಡಿತು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಅದು ಎಂಥ ನಿಯಮ?

1860ರ ಮೇ 22ರಂದು ಡಾರ್ವಿನ್ ಗ್ರೇಗೆ ಬರೆದ ಪತ್ರದಲ್ಲಿ ಈ ನೋವು ಇದೆ. ನಾಸ್ತಿಕನಾಗಿ ಬರೆಯುವ ಉದ್ದೇಶ ನನಗಿರಲಿಲ್ಲ, ಆದರೆ ಎಲ್ಲ ಕಡೆ ಕರುಣೆಯ ಕೈ ಕಾಣುತ್ತದೆ ಅಂತ ಬೇರೆಯವರ ಹಾಗೆ ಹೇಳಲು ನನ್ನಿಂದ ಆಗುತ್ತಿಲ್ಲ, ಜಗತ್ತಿನಲ್ಲಿ ಸಂಕಟ ತುಂಬಾ ಜಾಸ್ತಿ ಇದೆ ಅನ್ನುತ್ತಾನೆ. ಒಂದು ಬಗೆಯ ಕಣಜ ಇದೆ. ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದು ಹುಳುವನ್ನು ಜೀವಂತ ಇರುವಾಗಲೇ ಒಳಗಿನಿಂದ ತಿನ್ನುತ್ತದೆ. ಕರುಣಾಮಯಿಯೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಇಂಥ ಜೀವಿಯನ್ನು ಮಾಡಿದ ಅಂತ ನನ್ನ ಮನಸ್ಸಿಗೆ ಒಪ್ಪಿಸಲಾರೆ ಅಂತ ಡಾರ್ವಿನ್ ಬರೆದ.

ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಅವರಿಗೆ ಊಜಿ ನೊಣ ಗೊತ್ತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ರೇಷ್ಮೆ ಹುಳುವಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಮರಿ ಚರ್ಮ ಕೊರೆದು ಒಳಗೆ ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಹುಳು ಸೊಪ್ಪು ತಿನ್ನುತ್ತಲೇ ಇರುತ್ತದೆ, ಒಳಗಿನ ಮರಿ ಹುಳುವನ್ನು ತಿನ್ನುತ್ತಲೇ ಇರುತ್ತದೆ. ಕೆಲವು ಹುಳುಗಳು ಗೂಡು ಕಟ್ಟುವ ತನಕ ಬದುಕುತ್ತವೆ. ಆಗ ಮರಿ ಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಇದನ್ನು ತಡೆಯಲು ಬೆಳೆಗಾರರು ಹುಳು ಮನೆಗೆ ಪರದೆ ಕಟ್ಟುತ್ತಾರೆ. ಊಜಿ ಮರಿ ನೊಣವಾಗುವ ಮೊದಲು ಇರುವ ಗಟ್ಟಿ ಕವಚದೊಳಗೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಇನ್ನೊಂದು ಪುಟ್ಟ ಕಣಜವನ್ನೂ ಬಿಡುತ್ತಾರೆ.

ನಿಸರ್ಗದ ಆಯ್ಕೆಯ ಲೆಕ್ಕದಲ್ಲಿ ಇದರಲ್ಲಿ ಒಗಟು ಏನೂ ಇಲ್ಲ. ಮರಿಗೆ ತಾಜಾ ಆಹಾರ ಸಿಗುವ ದಾರಿ, ಅಷ್ಟೇ. ಒಗಟು ಭಕ್ತರಿಗೆ. ಮನುಷ್ಯ ಹುಟ್ಟುವ ಮೊದಲೇ ಕೋಟ್ಯಂತರ ವರ್ಷ ಈ ಕೊಲ್ಲುವಿಕೆ, ಹಸಿವು, ಜಾತಿಗೆ ಜಾತಿಯೇ ಅಳಿಯುವುದು ನಡೆದಿದೆ. ವಿಕಾಸವನ್ನು ಒಪ್ಪಿದ ಆಸ್ತಿಕರು ಹೆದರಬೇಕಾದದ್ದು ಕೋತಿಗಲ್ಲ, ಇದಕ್ಕೆ. ‘ದೇವರು ವಿಕಾಸದ ಮೂಲಕ ಸೃಷ್ಟಿಸಿದ’ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಗ್ರೇ ಒಂದು ಮಧ್ಯದ ದಾರಿ ಹುಡುಕಿದ. ಆಯ್ಕೆ ಮಾಡುವುದು ನಿಸರ್ಗ ಇರಲಿ, ಆದರೆ ಆಯ್ಕೆಗೆ ಬೇಕಾದ ವ್ಯತ್ಯಾಸಗಳನ್ನು ದೇವರೇ ಒಳ್ಳೆಯ ದಿಕ್ಕಿಗೆ ನಡೆಸುತ್ತಾನೆ ಅಂದ. ಗೆಳೆಯನ ಲೇಖನಗಳನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ ಹಂಚಿದ ಡಾರ್ವಿನ್, ಈ ಒಂದು ವಾದವನ್ನು ಮಾತ್ರ ಒಪ್ಪಲಿಲ್ಲ. 1868ರಲ್ಲಿ ಅವನು ಕೇಳಿದ ಪ್ರಶ್ನೆ ಪಾರಿವಾಳದ್ದು. ಪಾರಿವಾಳ ಸಾಕುವವರು ಎದೆ ಉಬ್ಬಿದ, ಬಾಲ ಬೀಸಣಿಗೆಯಂತಿರುವ ವಿಚಿತ್ರ ತಳಿಗಳನ್ನು ಮಾಡುತ್ತಾರೆ. ಮನುಷ್ಯನ ಶೋಕಿಗೆ ಬೇಕು ಅಂತ ದೇವರು ಮೊದಲೇ ಪಾರಿವಾಳದ ಗರಿಗಳಲ್ಲಿ ಆ ವ್ಯತ್ಯಾಸ ಇಟ್ಟಿದ್ದನಾ? ಅಲ್ಲ ಅನ್ನುವುದಾದರೆ ಕಾಡಿನ ಪ್ರಾಣಿಗಳ ವ್ಯತ್ಯಾಸಗಳನ್ನು ಮಾತ್ರ ದೇವರು ನಡೆಸಿದ ಅನ್ನಲು ಆಧಾರ ಏನು?

ಈ ವಿಷಯದಲ್ಲಿ ನಾನು ಡಾರ್ವಿನ್ ಪರ. ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಸಂದಿಯಲ್ಲಿ ದೇವರನ್ನು ಇಟ್ಟರೆ, ಸಂದಿ ಮುಚ್ಚಿದ ದಿನ ದೇವರಿಗೆ ಜಾಗ ಇರುವುದಿಲ್ಲ. ಗ್ರೇ ಕಾಲದಲ್ಲಿ ವ್ಯತ್ಯಾಸಗಳು ಎಲ್ಲಿಂದ ಬರುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳು ನಮಗೆ ಗೊತ್ತು. ವ್ಯಾಲೇಸ್ ಕೂಡ 1869ರಲ್ಲಿ ಮನುಷ್ಯನ ಬುದ್ಧಿಗೆ ನಿಸರ್ಗದ ಆಯ್ಕೆ ಸಾಲದು, ಮೇಲಿನ ಶಕ್ತಿ ಬೇಕು ಅಂದಾಗ ಡಾರ್ವಿನ್ ನೊಂದುಕೊಂಡಿದ್ದ. ನಿನ್ನದೂ ನನ್ನದೂ ಆದ ಮಗುವನ್ನು ನೀನು ಪೂರ್ತಿ ಕೊಂದಿಲ್ಲ ಅಂದುಕೊಳ್ಳುತ್ತೇನೆ ಅಂತ ಅವನಿಗೆ ಬರೆದಿದ್ದ.

ಹಾಗಂತ ಡಾರ್ವಿನ್ ನಾಸ್ತಿಕತೆಗೂ ಇಳಿಯಲಿಲ್ಲ. ಎಲ್ಲವೂ ರೂಪಿಸಿದ ನಿಯಮಗಳಿಂದ ನಡೆಯುತ್ತಿರಬಹುದು, ಅದರ ವಿವರಗಳು ಮಾತ್ರ ಆಕಸ್ಮಿಕಕ್ಕೆ ಬಿಟ್ಟಿರಬಹುದು, ಇದೂ ನನಗೆ ಸಮಾಧಾನ ಕೊಡುವುದಿಲ್ಲ ಅಂತ ಅದೇ 1860ರ ಪತ್ರದಲ್ಲಿ ಇದೆ. ಒಬ್ಬ ಮನುಷ್ಯ ತೀವ್ರ ಆಸ್ತಿಕನೂ ವಿಕಾಸವಾದಿಯೂ ಆಗಿರಬಹುದು ಎಂಬುದನ್ನು ಅನುಮಾನಿಸುವುದೇ ಅಸಂಬದ್ಧ ಅಂತ 1879ರಲ್ಲಿ ಬರೆದ. ತನ್ನನ್ನು ಮಾತ್ರ ಅಜ್ಞೇಯವಾದಿ, ಅಂದರೆ ದೇವರು ಇದ್ದಾನೋ ಇಲ್ಲವೋ ಹೇಳಲಾಗದು ಅನ್ನುವವನು ಅಂತ ಕರೆದುಕೊಂಡ. ಅವನ ಹೆಂಡತಿ ಎಮ್ಮಾ ಗಾಢ ನಂಬಿಕೆಯವಳು. ಮದುವೆಯಾದ ಹೊಸತರಲ್ಲಿ ಗಂಡನ ಅಪನಂಬಿಕೆಯ ಬಗ್ಗೆ ಕಳವಳಪಟ್ಟು ಅವಳು ಬರೆದ ಪತ್ರವನ್ನು ಡಾರ್ವಿನ್ ಜೋಪಾನವಾಗಿ ಇಟ್ಟುಕೊಂಡಿದ್ದ. ನಾನು ಸತ್ತ ಮೇಲೆ ತಿಳಿದುಕೋ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಮೇಲೆ ಬರೆದಿಟ್ಟಿದ್ದ.

ನಮ್ಮಲ್ಲಿ ಈ ಪ್ರಶ್ನೆ

ಭಾರತದಲ್ಲಿ ಇದೇ ಜಗಳ ಇದೇ ರೂಪದಲ್ಲಿ ಇಲ್ಲ. ಪುರಾಣಗಳ ಒಂದು ಕಲ್ಪಕ್ಕೇ 432 ಕೋಟಿ ವರ್ಷ. ಹಾಗಾಗಿ ಭೂಮಿ ಬಹಳ ಹಳೆಯದು ಅಂದರೆ ನಮ್ಮ ಮನೆಗಳಲ್ಲಿ ಯಾರೂ ಬೆಚ್ಚುವುದಿಲ್ಲ. (ಈ ಅಂಕಿ ಭೂಮಿಯ ವಯಸ್ಸಿಗೆ ಹತ್ತಿರ ಇರುವುದನ್ನು ಪುರಾವೆ ಅಂದುಕೊಳ್ಳಬಾರದು. ಅದು ಕಲ್ಲುಗಳನ್ನು ಅಳೆದು ಬಂದ ಸಂಖ್ಯೆಯಲ್ಲ.) ಆಂಜನೇಯನ ಗುಡಿ ಇಲ್ಲದ ಊರು ನಮ್ಮಲ್ಲಿ ಅಪರೂಪ. ಕೋತಿ ನಮ್ಮ ದಾಯಾದಿ ಅಂದರೆ ಅವಮಾನ ಆಗಲು ಕಾರಣ ಇಲ್ಲ. ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಸೃಷ್ಟಿಕರ್ತ ದೇವರೇ ಇಲ್ಲ, ಜಗತ್ತು ಅನಾದಿ. ಅಲ್ಲಿ ‘ದೇವರಾ, ವಿಕಾಸವಾ’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ನಮ್ಮ ತೊಂದರೆ ಬೇರೆ. ದಶಾವತಾರವೇ ವಿಕಾಸವಾದ ಅನ್ನುವ ಮಾತು 19ನೇ ಶತಮಾನದಿಂದ ಓಡಾಡುತ್ತಿದೆ. ಮೊದಲು ಮೀನು, ಆಮೇಲೆ ಆಮೆ, ಹಂದಿ, ನರಸಿಂಹ, ವಾಮನ. ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ಕೇಳಲು ಹಿತವಾಗಿದೆ. ಆದರೆ ಅವತಾರ ಅಂದರೆ ಒಂದು ಉದ್ದೇಶಕ್ಕಾಗಿ ಇಳಿದು ಬರುವುದು: ವೇದ ಉಳಿಸಲು, ಮಂದರ ಪರ್ವತ ಹೊರಲು, ಪ್ರಹ್ಲಾದನನ್ನು ಕಾಯಲು. ನಿಸರ್ಗದ ಆಯ್ಕೆಗೆ ಯಾವ ಉದ್ದೇಶವೂ ಇಲ್ಲ. ಆಮೆಯ ಸಂತತಿ ಹಂದಿಯಾಯಿತು ಅಂತ ಯಾವ ಪುರಾಣವೂ ಹೇಳುವುದಿಲ್ಲ. ಎರಡನ್ನೂ ಒಂದೇ ಅಂದುಬಿಟ್ಟರೆ ಡಾರ್ವಿನ್ ಮತ್ತು ಗ್ರೇ ಒದ್ದಾಡಿದ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಭಕ್ತಿಗೆ ವಿಜ್ಞಾನದ ಸರ್ಟಿಫಿಕೇಟ್ ಬೇಕಿಲ್ಲ. ವಿಜ್ಞಾನಕ್ಕೂ ಪುರಾಣದ ಸಹಿ ಬೇಕಿಲ್ಲ.

ಕಷ್ಟದ ಪ್ರಶ್ನೆ ನಮ್ಮಲ್ಲೂ ಇದೆ, ಬೇರೆ ಕಡೆ ಇದೆ. ಯಾವ ಜೀವ ಎಲ್ಲಿ ಹುಟ್ಟಬೇಕು, ಎಷ್ಟು ನರಳಬೇಕು ಎಂಬುದನ್ನು ಕರ್ಮ ತೀರ್ಮಾನಿಸುತ್ತದೆ ಅನ್ನುತ್ತೇವೆ. ಯಾವುದು ಉಳಿಯುತ್ತದೆ, ಯಾವುದು ಸಾಯುತ್ತದೆ ಎಂಬುದಕ್ಕೆ ನಿಸರ್ಗದ ಆಯ್ಕೆ ಇನ್ನೊಂದು ಲೆಕ್ಕ ಕೊಡುತ್ತದೆ. ಊಜಿ ನೊಣದ ಕೈಗೆ ಸಿಕ್ಕ ರೇಷ್ಮೆ ಹುಳುವಿನ ವಿಷಯದಲ್ಲಿ ಈ ಎರಡೂ ಲೆಕ್ಕ ಒಂದೇ ಸಲ ಹೇಗೆ ಸರಿ? ಕರ್ಮವನ್ನು ನಂಬುವವರು ಇದಕ್ಕೆ ಉತ್ತರ ಹುಡುಕಬೇಕು. ಉತ್ತರ ಇರಲಾರದು ಅಂತ ನಾನು ಹೇಳುತ್ತಿಲ್ಲ. ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ.

2018ರ ಜನವರಿಯಲ್ಲಿ ಕೇಂದ್ರ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ತಪ್ಪು, ಕೋತಿ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ ಅಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಇದನ್ನು ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು. ಪಾಠ 12ನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿಯಿತು. ಆದರೆ 10ನೇ ತರಗತಿ ಮುಗಿಸಿ ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ ಕಡೆ ಹೋಗುವ ಮಕ್ಕಳಿಗೆ ಅದು ಸಿಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ. ಆ ಮಕ್ಕಳಲ್ಲಿ ಹೆಚ್ಚಿನವರು ದೇವರನ್ನು ನಂಬುವ ಮನೆಗಳಿಂದಲೇ ಬಂದವರು. 2ನೇ ಕ್ರೋಮೋಸೋಮಿನ ವಿಷಯ ಗೊತ್ತಾದರೆ ಅವರ ನಂಬಿಕೆ ಒಡೆದುಹೋಗುತ್ತದೆ ಅಂತ ದೊಡ್ಡವರು ತಾವೇ ತೀರ್ಮಾನಿಸುವುದು ಸರಿಯಲ್ಲ. ಪಾಠ ವಾಪಸ್ ಬರಬೇಕು ಅಂತ ಕೇಳಲು ನಾಸ್ತಿಕರೇ ಆಗಬೇಕಿಲ್ಲ, ದೇವಸ್ಥಾನಕ್ಕೆ ಹೋಗುವ ತಂದೆ ತಾಯಂದಿರೂ ಕೇಳಬಹುದು.